ಅವ್ವನ ಊಟ ಟ್ಯೂಬಿನಲ್ಲಿ ಹೋದ ದಿನಗಳು

ಮೂಗಿಗೆ ಪೈಪು ಹಾಕಿದ್ದಾರೆ ಅಂದರೆ ನಮ್ಮ ಕಡೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ಇನ್ನು ಆಸೆ ಬಿಟ್ಟ ಹಾಗೇ ಅಂತ ಅದರ ಅರ್ಥ. ನಮ್ಮವ್ವನಿಗೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ, ಆಗಿ ಟ್ಯೂಬ್ ಹಾಕಿದಾಗ ಪಾಂಡವಪುರದ ಹತ್ತಿರದ ನಮ್ಮೂರಿಂದ ಮೈಸೂರಿಗೆ ನೋಡಲು ಬಂದವರೆಲ್ಲ ವಾರ್ಡಿನ ಬಾಗಿಲಲ್ಲೇ ಕಣ್ಣೊರೆಸಿಕೊಂಡು ಒಳಗೆ ಬಂದರು. ಅವ್ವ ಉಳಿದದ್ದರಲ್ಲಿ ಆ ಟ್ಯೂಬಿನದು ದೊಡ್ಡ ಪಾಲು ಅಂತ ನಾನು ನಂಬಿದ್ದೇನೆ. ಈ ಕಾಯಿಲೆ ಯಾರ ಮನೆಗಾದರೂ ಬಂದು, ಡಾಕ್ಟರು 'ಎನ್‌ಜೆ ಟ್ಯೂಬ್ ಹಾಕಬೇಕು' ಅಂದಾಗ, ಅದು ಏನು, ಯಾಕೆ, ದಿನಾ ಅದನ್ನು ನೋಡಿಕೊಳ್ಳೋದು ಹೇಗೆ ಅಂತ ಪಕ್ಕದಲ್ಲಿ ಕೂತು ಮಾಡಿದವರೊಬ್ಬರ ಬಾಯಿಂದ ಗೊತ್ತಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅವ್ವನ ಪಿತ್ತಕೋಶದಲ್ಲಿ ಕಲ್ಲಿದ್ದದ್ದು ನಮಗ್ಯಾರಿಗೂ ಗೊತ್ತಿರಲಿಲ್ಲ. ಊಟ ಆದ ಮೇಲೆ ಆಗಾಗ ಎದೆಗೂಡಿನ ಕೆಳಗೆ ಹಿಡಿದುಕೊಳ್ಳುತ್ತಿತ್ತು. ಗ್ಯಾಸ್ಟ್ರಿಕ್ ಅಂತ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕೆಲಸಕ್ಕೆ ಏಳುತ್ತಿದ್ದಳು. ಒಂದು ರಾತ್ರಿ ನೆಂಟರ ಮನೆಯ ಬಾಡೂಟ ಮುಗಿಸಿ ಬಂದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ಸೀದಾ ಬೆನ್ನಿಗೆ ಹೊಡೆಯಿತು. ಮಲಗಿದರೆ ಜಾಸ್ತಿ, ಮುಂದಕ್ಕೆ ಬಾಗಿ ಕೂತರೆ ಸ್ವಲ್ಪ ಕಮ್ಮಿ. ವಾಂತಿ ನಿಲ್ಲಲೇ ಇಲ್ಲ. ಅಪ್ಪ, ತಮ್ಮ ಸೇರಿ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಈ ತರಹದ ನೋವಿನ ಜೊತೆ ರಕ್ತದಲ್ಲಿ ಲೈಪೇಸ್ ಅನ್ನುವ, ಕೊಬ್ಬು ಕರಗಿಸುವ ಎಂಜೈಮ್ ಇರಬೇಕಾದ್ದರ ಮೂರು ಪಟ್ಟು ದಾಟಿದ್ದರೆ ಪ್ಯಾಂಕ್ರಿಯಾಟೈಟಿಸ್ ಅಂತ ಲೆಕ್ಕ. ಅವ್ವನದು ಅದಕ್ಕಿಂತ ಎಷ್ಟೋ ಮೇಲಿತ್ತು.

ಮೇದೋಜೀರಕ ಗ್ರಂಥಿ ಜಠರದ ಹಿಂದೆ ಅಡ್ಡಲಾಗಿ ಇರುತ್ತದೆ. ಊಟ ಕರಗಿಸುವ ರಸವನ್ನು ಮಾಡುವುದು ಅದೇ, ಇನ್ಸುಲಿನ್ ಮಾಡುವುದೂ ಅದೇ. ಆ ರಸ ಕರುಳಿಗೆ ಬಂದ ಮೇಲೆ ಚುರುಕಾಗಬೇಕು. ಪಿತ್ತಕೋಶದ ಕಲ್ಲು ಜಾರಿ ಬಂದು ನಾಳದ ಬಾಯಲ್ಲಿ ಸಿಕ್ಕಿಕೊಂಡರೆ ರಸ ಗ್ರಂಥಿಯ ಒಳಗೇ ಚುರುಕಾಗಿ ಗ್ರಂಥಿಯನ್ನೇ ತಿನ್ನಲು ಶುರು ಮಾಡುತ್ತದೆ. ವಿಪರೀತ ಕುಡಿತದಿಂದಲೂ ಹೀಗಾಗುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು ತುಂಬಾ ಏರಿದರೂ ಆಗುತ್ತದೆ. ಹೆಚ್ಚು ಕಮ್ಮಿ ಹತ್ತರಲ್ಲಿ ಎಂಟು ಜನರಿಗೆ ಇದು ಕೆಲವೇ ದಿನದಲ್ಲಿ ಇಳಿಯುತ್ತದೆ. ಉಳಿದವರಿಗೆ ತೀವ್ರವಾಗುತ್ತದೆ. ಅವ್ವ ಆ ಉಳಿದವರಲ್ಲಿ ಸೇರಿದಳು.

ನರ್ಸಿಂಗ್ ಹೋಮಿನಲ್ಲಿ ಮೊದಲು ಹೇಳಿದ ಮಾತು, 'ಬಾಯಿಗೆ ಏನೂ ಕೊಡಬೇಡಿ, ಗ್ರಂಥಿಗೆ ರೆಸ್ಟ್ ಬೇಕು.' ವಾಂತಿ ನಿಲ್ಲದ ಮೊದಲ ದಿನ ಅದು ಸರಿ. ಆದರೆ ದಿನ ಕಳೆದರೂ ಅದೇ ಮಾತು. ಕೇಳಿದರೆ 'ಡ್ರಿಪ್ ಹೋಗ್ತಾ ಇದೆಯಲ್ಲ' ಅನ್ನುವರು. ನಮ್ಮ ಮನೆಯವರಿಗೂ ಅದರಿಂದ ಸಮಾಧಾನ. ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದೆ ಅಂತ ನಾವೆಲ್ಲ ಕೇಳುತ್ತಾ ಬೆಳೆದವರು. ದೊಡ್ಡವ್ವ ಅಂತೂ 'ಲಂಘನಂ ಪರಮೌಷಧಂ ಅಂದವ್ರೆ ಹಿರೀಕರು, ಹೊಟ್ಟೆ ಖಾಲಿ ಇದ್ರೇನೇ ವಾಸಿ ಆಗೋದು' ಅಂದರು.

ಈ ಗ್ಲೂಕೋಸಿನ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಶೇಕಡಾ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. 100 ಕ್ಯಾಲೊರಿಯೂ ಇಲ್ಲ. ಬರೀ ಸಲೈನ್ ಬಾಟಲಿಯಲ್ಲಿ ಅದೂ ಇಲ್ಲ, ಉಪ್ಪುನೀರು ಅಷ್ಟೇ. ಪ್ರೋಟೀನ್ ಎರಡರಲ್ಲೂ ಸೊನ್ನೆ. ದಿನಕ್ಕೆ ಮೂರು ಗ್ಲೂಕೋಸ್ ಬಾಟಲಿ ಏರಿಸಿದರೂ ಒಂದು ದೊಡ್ಡ ಮುದ್ದೆಯ ಶಕ್ತಿ ಬರುವುದಿಲ್ಲ. ಡ್ರಿಪ್ಪಿನಿಂದ ಉಪಯೋಗ ಇಲ್ಲ ಅಂತಲ್ಲ. ಈ ಕಾಯಿಲೆಯ ಮೊದಲ ಗಂಟೆಗಳಲ್ಲಿ ರಕ್ತನಾಳದಿಂದ ನೀರು ಸೋರಿ ಹೋಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ, ಆಗ ಡ್ರಿಪ್ ಬೇಕೇ ಬೇಕು. ಆದರೆ ಅದು ಊಟ ಅಲ್ಲ. ಅತ್ತ ಮೈ ಮಾತ್ರ ಮಾಮೂಲಿಗಿಂತ ಜಾಸ್ತಿ ಉರಿಯುತ್ತಿರುತ್ತದೆ, ಜ್ವರ, ಉರಿಯೂತ, ನೋವು. ಊಟ ಸಿಗದಿದ್ದಾಗ ಸ್ನಾಯುವನ್ನೇ ಕರಗಿಸಿ ತಿನ್ನುತ್ತದೆ. ಅವ್ವನ ತೋಳು ಕೆಲವೇ ದಿನದಲ್ಲಿ ಜೋತುಬಿದ್ದದ್ದನ್ನು ಕಣ್ಣಾರೆ ಕಂಡೆ. ಬಳೆ ಮೊಣಕೈವರೆಗೂ ಜಾರುತ್ತಿತ್ತು.

ಹೊಟ್ಟೆ ಉಬ್ಬಿ, ಉಸಿರು ಮೇಲೆ ಮೇಲೆ ಬರತೊಡಗಿದಾಗ ಅಂಬ್ಯುಲೆನ್ಸಿನಲ್ಲಿ ಶ್ರೀರಂಗಪಟ್ಟಣ ದಾಟಿ ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಬಂದೆವು. ಸಿಟಿ ಸ್ಕ್ಯಾನಿನಲ್ಲಿ ಗ್ರಂಥಿಯ ಒಂದು ಭಾಗ ಸತ್ತೇ ಹೋಗಿದೆ ಅಂತ ಬಂತು. ನೆಕ್ರೋಸಿಸ್ ಅನ್ನುತ್ತಾರೆ. ಅದರ ಸುತ್ತ ನೀರು ಕಟ್ಟಿಕೊಂಡು ಜಠರವನ್ನು ಹಿಂದಿನಿಂದ ಒತ್ತುತ್ತಿತ್ತು. ಅದಕ್ಕೇ ಗುಟುಕು ನೀರು ಕೊಟ್ಟರೂ ವಾಂತಿ.

ಅಲ್ಲಿನ ಡಾಕ್ಟರು ಸ್ಕ್ಯಾನ್ ನೋಡಿ ಮುಗಿಸಿದ ಮೇಲೆ ನಮ್ಮನ್ನು ಕೇಳಿದ ಮೊದಲ ಪ್ರಶ್ನೆ ನೋವಿನದಲ್ಲ. 'ಅಮ್ಮ ಕೊನೇ ಸಲ ಸರಿಯಾಗಿ ಊಟ ಮಾಡಿದ್ದು ಯಾವಾಗ?' ನಾವು ಹೇಳಿದ್ದು ಕೇಳಿ ಪಕ್ಕದಲ್ಲಿದ್ದ ಡಯಟೀಷಿಯನ್ ಕಡೆ ತಿರುಗಿ, 'ಇವತ್ತೇ ಶುರು ಮಾಡೋಣ' ಅಂದರು.

ಯಾಕೆ ಅಂತ ಅವರು ಬಿಡಿಸಿ ಹೇಳಿದ ರೀತಿ ನನಗೆ ಚೆನ್ನಾಗಿ ನಾಟಿತು. ಕರುಳಿನ ಒಳಗೋಡೆ ತನಗೆ ಬೇಕಾದ ಆಹಾರವನ್ನು ಬಹಳಮಟ್ಟಿಗೆ ತನ್ನೊಳಗೆ ಹರಿದು ಹೋಗುವ ಊಟದಿಂದಲೇ ಹೀರಿಕೊಳ್ಳುತ್ತದೆ. ನೀರು ಬಿಡದ ನಾಲೆಯ ಏರಿ ಒಣಗಿ ಬಿರುಕು ಬಿಡುವುದನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ. ಖಾಲಿ ಬಿದ್ದ ಕರುಳಿಗೂ ಅದೇ ಗತಿ. ಒಳಗೋಡೆ ತೆಳ್ಳಗಾಗುತ್ತದೆ, ಕರುಳಿನ ಬ್ಯಾಕ್ಟೀರಿಯಾಗಳು ಆಚೆ ನುಸುಳುತ್ತವೆ, ಸತ್ತ ಗ್ರಂಥಿಯ ಭಾಗಕ್ಕೆ ಹೋಗಿ ಸೇರಿ ಕೀವು ಮಾಡುತ್ತವೆ. ತೀವ್ರವಾದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಮೊದಲ ವಾರ ದಾಟಿದವರ ಜೀವಕ್ಕೆ ಮುಖ್ಯವಾಗಿ ಕುತ್ತು ತರುವುದು ಈ ಸೋಂಕೇ. ಹಾಗಾಗಿ ಕರುಳಿಗೆ ಹನಿ ಹನಿಯಾಗಿ ಊಟ ಹೋಗುತ್ತಿರಬೇಕು. ಅದು ಶಕ್ತಿಗಾಗಿ ಮಾತ್ರ ಅಲ್ಲ, ಸೋಂಕು ತಡೆಯುವ ಚಿಕಿತ್ಸೆಯೇ ಅದು.

ಹಿಂದೆ ಎಲ್ಲ ಕಡೆಯೂ ಊಟ ನಿಲ್ಲಿಸುವುದೇ ಪದ್ಧತಿಯಾಗಿತ್ತು. ತುಂಬಾ ದಿನ ಆದರೆ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡುತ್ತಿದ್ದರು, ಅದಕ್ಕೆ ಟಿಪಿಎನ್ ಅನ್ನುತ್ತಾರೆ. ಅದು ದುಬಾರಿ, ರಕ್ತದ ಸಕ್ಕರೆ ಏರುತ್ತದೆ, ದೊಡ್ಡ ರಕ್ತನಾಳಕ್ಕೆ ಹಾಕಿದ ಲೈನಿಗೆ ಸೋಂಕು ತಗಲುವ ಭಯ ಬೇರೆ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ, ತೀವ್ರ ಕಾಯಿಲೆಯವರಿಗೆ ಕರುಳಿನ ಮೂಲಕ ಊಟ ಕೊಟ್ಟಾಗ ಸೋಂಕೂ ಕಮ್ಮಿ, ಸಾವೂ ಕಮ್ಮಿ ಅಂತ ಕಂಡಿತು. ಈಗ ಕರುಳು ಕೆಲಸವೇ ಮಾಡದಿದ್ದರೆ, ಇಲ್ಲವೇ ಟ್ಯೂಬಿನ ಊಟ ಸಾಲದೇ ಹೋದರೆ ಮಾತ್ರ ಟಿಪಿಎನ್.

ಹಾಗಂತ ಪ್ಯಾಂಕ್ರಿಯಾಟೈಟಿಸ್ ಬಂದವರಿಗೆಲ್ಲ ಟ್ಯೂಬ್ ಬೇಕು ಅಂತಲ್ಲ. ನೆದರ್ಲೆಂಡ್ಸಿನಲ್ಲಿ 208 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಅರ್ಧ ಜನರಿಗೆ 24 ಗಂಟೆಯೊಳಗೆ ಟ್ಯೂಬ್ ಹಾಕಿ ಊಟ ಶುರು ಮಾಡಿದರು. ಉಳಿದವರಿಗೆ 72 ಗಂಟೆ ಕಾದು ಬಾಯಿಂದಲೇ ಊಟ ಕೊಟ್ಟು, ಆಗದವರಿಗೆ ಮಾತ್ರ ಟ್ಯೂಬ್ ಹಾಕಿದರು. ಸೋಂಕಿನಲ್ಲಾಗಲೀ ಸಾವಿನಲ್ಲಾಗಲೀ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಕಾದು ನೋಡಿದ ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಟ್ಯೂಬೇ ಬೇಕಾಗಲಿಲ್ಲ. ಬಾಯಿಂದ ತಿನ್ನಲು ಆಗುವವರು ತಿನ್ನಲಿ, ಆಗದವರನ್ನು ಮಾತ್ರ ಖಾಲಿ ಬಿಡಬೇಡಿ. ಇಷ್ಟೇ ವಿಷಯ. ಅವ್ವ ಆ ಎರಡನೇ ಸಾಲಿನವಳು.

ಅಪ್ಪ ಒಪ್ಪಲಿಲ್ಲ. 'ಮೂಗಿಗೆ ಪೈಪ್ ಬ್ಯಾಡ ಕಣವ್ವ. ಇರೋಷ್ಟು ದಿನ ನೆಮ್ಮದಿಯಾಗಿರ್ಲಿ ಅವಳು' ಅಂತ ಕಾರಿಡಾರಿನ ಗೋಡೆಗೆ ಒರಗಿ ನಿಂತುಬಿಟ್ಟರು. ಇರೋಷ್ಟು ದಿನ ಅನ್ನುವ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ಡಯಟೀಷಿಯನ್ ಬಂದು ಅಪ್ಪನನ್ನು ಕೂರಿಸಿ ಹೇಳಿದರು. 'ಯಜಮಾನ್ರೇ, ಇದು ಕೊನೇ ದಾರಿ ಅಂತ ಹಾಕ್ತಾ ಇಲ್ಲ. ಜಠರದ ಹತ್ರ ದಾರಿ ಬಂದ್ ಆಗಿದೆ. ಪಕ್ಕದಲ್ಲಿ ದಾರಿ ಮಾಡಿ ಮುಂದಕ್ಕೆ ಊಟ ಕಳಿಸ್ತೀವಿ. ಆ ನೀರು ಇಳಿದ ಮೇಲೆ ತೆಗೆದುಬಿಡ್ತೀವಿ.' ಅಪ್ಪ ಏನೂ ಮಾತಾಡದೆ ಕಾಗದಕ್ಕೆ ಸಹಿ ಹಾಕಿದರು.

ಟ್ಯೂಬಿನಲ್ಲಿ ಎರಡು ಬಗೆ. ಜಠರದವರೆಗೆ ಹೋಗುವುದು ರೈಲ್ಸ್ ಟ್ಯೂಬ್, ಇದನ್ನು ವಾರ್ಡಿನಲ್ಲೇ ಹಾಕುತ್ತಾರೆ. ಜಠರ ದಾಟಿ ಸಣ್ಣಕರುಳಿನ ಮುಂದಿನ ಭಾಗ ಜೆಜುನಮ್‌ವರೆಗೆ ಹೋಗುವುದು ಎನ್‌ಜೆ ಟ್ಯೂಬ್. ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಎಷ್ಟೋ ಜನರಿಗೆ ರೈಲ್ಸ್ ಟ್ಯೂಬೇ ಸಾಕಾಗುತ್ತದೆ. ಅವ್ವನಿಗೆ ಜಠರದ ದಾರಿಯೇ ಒತ್ತಿಹೋಗಿದ್ದರಿಂದ ಎನ್‌ಜೆ. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಎಂಡೋಸ್ಕೋಪಿ ಮಾಡಿ, ಕಣ್ಣಿಗೆ ಕಾಣುವಂತೆ ಟ್ಯೂಬನ್ನು ಮುಂದಕ್ಕೆ ಸಾಗಿಸಿದರು. ಆಮೇಲೆ ಎಕ್ಸ್‌ರೇ ತೆಗೆದು, ತುದಿ ಎಲ್ಲಿದೆ ಅಂತ ನೋಡಿ ಖಾತ್ರಿಯಾಗುವವರೆಗೂ ಒಂದು ಹನಿ ಹಾಕಲು ಬಿಡಲಿಲ್ಲ. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಕೇಳುವ ಪರೀಕ್ಷೆಯೊಂದನ್ನೇ ನಂಬಬಾರದು, ಟ್ಯೂಬು ಶ್ವಾಸಕೋಶಕ್ಕೆ ಹೋಗಿದ್ದರೂ ಸದ್ದು ಕೇಳಬಹುದು ಅಂತ ಸಿಸ್ಟರ್ ಹೇಳಿದರು. ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲಿರುವ ಸೆಂಟಿಮೀಟರ್ ಗುರುತನ್ನು ಕೇಸ್ ಶೀಟಿನಲ್ಲಿ ಬರೆದರು. ನಾನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡೆ. ಪ್ರತಿ ಸಲ ಫೀಡ್, ಅಂದರೆ ಟ್ಯೂಬಿನ ಊಟ, ಶುರು ಮಾಡುವ ಮೊದಲು ಆ ಗುರುತು ಜರುಗಿದೆಯಾ ಅಂತ ನೋಡುವುದು ನನ್ನ ಕೆಲಸವಾಯಿತು.

ಟ್ಯೂಬ್ ಮೂರು ಮಿಲಿಮೀಟರಿನಷ್ಟು ದಪ್ಪ, ಅಷ್ಟೇ. ಅದರ ಒಳಗಿನ ದಾರಿ ಇನ್ನೂ ಸಣ್ಣದು. ಮೊದಲ ದಿನ ಗಂಟೆಗೆ 20 ಎಂಎಲ್ ಬಿಟ್ಟರು. ನಾಲ್ಕು ಟೀ ಚಮಚ. ತಮ್ಮನಿಗೆ ಕೋಪ ಬಂತು. 'ಇಷ್ಟು ದಿನ ಉಪವಾಸ ಇದ್ದೋಳಿಗೆ ಇಷ್ಟೇನಾ?' ಅಂದ. ಅದಕ್ಕೂ ಕಾರಣ ಇತ್ತು. ತುಂಬಾ ದಿನ ಹಸಿದ ಮೈಗೆ ಒಂದೇ ಸಲ ಊಟ ಸುರಿದರೆ ರಕ್ತದಲ್ಲಿನ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಗೆ ನುಗ್ಗಿ, ರಕ್ತದಲ್ಲಿ ಥಟ್ಟನೆ ಕಮ್ಮಿಯಾಗುತ್ತವೆ. ಎದೆಬಡಿತ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ರೀಫೀಡಿಂಗ್ ಸಿಂಡ್ರೋಮ್ ಅಂತ ಇದಕ್ಕೆ ಹೆಸರು. ಎರಡನೇ ಮಹಾಯುದ್ಧ ಮುಗಿದಾಗ ಹಸಿದು ಸೊರಗಿದ್ದ ಕೈದಿಗಳಲ್ಲಿ ಕೆಲವರು ಬಿಡುಗಡೆಯಾಗಿ ಹೊಟ್ಟೆ ತುಂಬಾ ಊಟ ಸಿಕ್ಕ ಮೇಲೆ ಸತ್ತದ್ದು ಇದರಿಂದಲೇ. ಅವ್ವನಿಗೆ ಫೀಡ್ ಶುರು ಮಾಡುವ ಮೊದಲೇ ಥಯಮಿನ್, ಅಂದರೆ ವಿಟಮಿನ್ ಬಿ1, ಇಂಜೆಕ್ಷನ್ ಕೊಟ್ಟರು. ದಿನಾ ರಕ್ತ ತೆಗೆದು ಈ ಮೂರನ್ನೂ ನೋಡಿದರು. ಫಾಸ್ಫರಸ್ ಒಮ್ಮೆ ಇಳಿಯಿತು. ಫೀಡ್ ಏರಿಸುವುದನ್ನು ನಿಲ್ಲಿಸಿ, ಅದನ್ನು ಸರಿ ಮಾಡಿ, ಮತ್ತೆ ಏರಿಸಿದರು.

ಎಷ್ಟಕ್ಕೆ ಏರಿಸಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಮೈ ತೂಕದ ಒಂದು ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೋಟೀನ್. 60 ಕಿಲೋ ತೂಕದವರಿಗೆ ಕಮ್ಮಿ ಅಂದರೂ 1500 ಕ್ಯಾಲೊರಿ, 72 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಅಂದುಕೊಂಡರೆ ಹನ್ನೆರಡು ಮೊಟ್ಟೆ ಆಯ್ತು. ಕಾಯಿಲೆ ಬಿದ್ದವರಿಗೆ ಇಷ್ಟೊಂದು ಬೇಕು ಅಂತ ನಮಗೆ ಹೊಳೆಯುವುದೇ ಇಲ್ಲ, ಗಂಜಿ ತಿಳಿ ಸಾಕು ಅಂದುಕೊಳ್ಳುತ್ತೇವೆ. ಒಂದು ಎಂಎಲ್‌ಗೆ ಒಂದು ಕ್ಯಾಲೊರಿ ಇರುವ ಫಾರ್ಮುಲಾ (ಟ್ಯೂಬಿಗೆಂದೇ ಸಿಗುವ ಪುಡಿ ಬೆರೆಸಿದ ಊಟ) ಆದರೆ 1500 ಎಂಎಲ್, ಅಂದರೆ 20 ಗಂಟೆ ಓಡಿಸಿದರೆ ಗಂಟೆಗೆ 75 ಎಂಎಲ್. ಅಲ್ಲಿಗೆ ಮುಟ್ಟಲು ಅವ್ವನಿಗೆ ಸುಮಾರು ದಿನ ಹಿಡಿಯಿತು. ಜಠರಕ್ಕೆ ಕೊಡುವ ಹಾಗೆ ಸಿರಿಂಜಿನಲ್ಲಿ ಒಂದೇ ಸಲ 200 ಎಂಎಲ್ ತಳ್ಳುವುದು ಜೆಜುನಮ್‌ಗೆ ಆಗುವುದಿಲ್ಲ. ಜಠರ ಹಿಗ್ಗಿ ಕೂಡಿಟ್ಟುಕೊಳ್ಳುತ್ತದೆ, ಕರುಳಿಗೆ ಆ ಜಾಗ ಇಲ್ಲ. ಹೊಟ್ಟೆ ನುಲಿದು ಬೇಧಿಯಾಗುತ್ತದೆ.

ಮೊದಮೊದಲು ಪಂಪ್ ಇತ್ತು. ಆಮೇಲೆ ಅದು ಐಸಿಯುಗೆ ಬೇಕಾಯಿತು, ನಮಗೆ ಸ್ಟ್ಯಾಂಡಿಗೆ ನೇತುಹಾಕುವ ಫೀಡಿಂಗ್ ಬ್ಯಾಗ್ ಬಂತು. ಹನಿ ಎಣಿಸುವುದನ್ನು ಆಗ ಕಲಿತೆ. 20 ಹನಿಗೆ ಒಂದು ಎಂಎಲ್ ಬರುವ ಸೆಟ್ ಆದರೆ, ಗಂಟೆಗೆ ಎಷ್ಟು ಎಂಎಲ್ ಬೇಕೋ ಅದನ್ನು ಮೂರರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಹನಿ ಅಂತ ಸಿಗುತ್ತದೆ. 60 ಎಂಎಲ್‌ಗೆ ನಿಮಿಷಕ್ಕೆ 20 ಹನಿ, ಮೂರು ಸೆಕೆಂಡಿಗೆ ಒಂದು. ಮೊಬೈಲಿನ ಗಡಿಯಾರ ಹಿಡಿದು, ಸಣ್ಣ ಚೇಂಬರಿನೊಳಗೆ ಕೆನೆ ಬಣ್ಣದ ಹನಿ ಉಬ್ಬಿ, ಕುತ್ತಿಗೆ ಸಣ್ಣಗಾಗಿ, ಕಳಚಿ ಬೀಳುವುದನ್ನು ನೋಡುತ್ತಾ ಕೂರುತ್ತಿದ್ದೆ. ಹನಿಯ ವೇಗ ಹೊಂದಿಸುವ ರೋಲರನ್ನು ಕೂದಲೆಳೆಯಷ್ಟು ಜರುಗಿಸಿದರೂ ಲೆಕ್ಕ ಬದಲಾಗುತ್ತದೆ. ಫಾರ್ಮುಲಾ ನೀರಿಗಿಂತ ಮಂದ, ಅವ್ವ ಮಗ್ಗಲು ತಿರುಗಿದರೂ ವೇಗ ಬೇರೆ. ಅದಕ್ಕೇ ಹನಿ ಎಣಿಸಿ ಬಿಟ್ಟುಬಿಡುವ ಹಾಗಿಲ್ಲ. ಒಂದು ಗಂಟೆ ಆದ ಮೇಲೆ ಬ್ಯಾಗಿನ ಗೆರೆ ಎಷ್ಟು ಇಳಿದಿದೆ ಅಂತಲೂ ನೋಡಬೇಕು.

ಊರಿಂದ ದೊಡ್ಡವ್ವ ಸ್ಟೀಲ್ ಕ್ಯಾನಿನಲ್ಲಿ ರಾಗಿ ಅಂಬಲಿ ತಂದರು. ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ, ಬಿಸಿ ಆರದಂತೆ ಟವೆಲ್ ಸುತ್ತಿ ತಂದಿದ್ದರು. 'ಆ ಪುಡಿ ನೀರಲ್ಲಿ ಏನದೆ? ಇದ ಬಿಡ್ಸು ಪೈಪಲ್ಲಿ' ಅಂದರು. ಅವರಿಗೆ ಬೇಡ ಅನ್ನುವುದು ನನ್ನ ಪಾಲಿಗೆ ತುಂಬಾ ಕಷ್ಟದ ಕೆಲಸವಾಗಿತ್ತು. ರೈಲ್ಸ್ ಟ್ಯೂಬ್ ಇರುವ ರೋಗಿಗಳಿಗೆ ಗಂಜಿ, ಹಾಲು, ಬೇಳೆ ಕಟ್ಟು, ಮೊಟ್ಟೆಯ ಬಿಳಿ ಎಲ್ಲ ರುಬ್ಬಿ ಸೋಸಿ ಕೊಡುವುದನ್ನು ಅದೇ ವಾರ್ಡಿನಲ್ಲಿ ದೊಡ್ಡವ್ವ ನೋಡಿದ್ದರು. ಎನ್‌ಜೆಗೆ ಅದು ಆಗುವುದಿಲ್ಲ. ಒಂದು, ಟ್ಯೂಬ್ ಸಣ್ಣದು, ರಾಗಿ ಆರುತ್ತಾ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಇನ್ನೊಂದು, ಜಠರದ ಆಸಿಡ್ ಕ್ರಿಮಿಗಳನ್ನು ಕೊಲ್ಲುತ್ತದೆ, ನಾವು ಜಠರವನ್ನೇ ದಾಟಿ ಹೋಗುತ್ತಿದ್ದೇವೆ. ಆ ಅಂಬಲಿಯನ್ನು ಕೊನೆಗೆ ಅಪ್ಪ ಕುಡಿದರು. ಅಪ್ಪನೂ ಸರಿಯಾಗಿ ಊಟ ಮಾಡಿ ಎಷ್ಟೋ ದಿನ ಆಗಿತ್ತು.

ಫೀಡ್ ಬೆರೆಸುವ ಶುಚಿತ್ವದ ಬಗ್ಗೆ ಡಯಟೀಷಿಯನ್ ತುಂಬಾ ಕಟ್ಟುನಿಟ್ಟು. ಸೋಪು ಹಾಕಿ ಕೈ ತೊಳೆಯಬೇಕು, ಕುದಿಸಿ ಆರಿಸಿದ ನೀರೇ ಆಗಬೇಕು, ಬೆರೆಸಿದ್ದನ್ನು ನಾಲ್ಕು ಗಂಟೆಗಿಂತ ಹೆಚ್ಚು ನೇತುಹಾಕಬಾರದು. ಬ್ಯಾಗಿನಲ್ಲಿ ಉಳಿದದ್ದರ ಮೇಲೆ ಹೊಸದನ್ನು ಸುರಿಯಬಾರದು. ಬ್ಯಾಗು, ಸೆಟ್ಟು ದಿನಕ್ಕೊಂದು ಹೊಸದು. ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿರಬೇಕು, ರಾತ್ರಿ ನಿದ್ದೆಯಲ್ಲೂ. ನಾಲ್ಕು ಗಂಟೆಗೊಮ್ಮೆ 30 ಎಂಎಲ್ ನೀರಿನಲ್ಲಿ ಟ್ಯೂಬ್ ತೊಳೆಯಬೇಕು. ಫೀಡ್ ನಿಲ್ಲಿಸಿದಾಗಲೂ, ಔಷಧಿಯ ಹಿಂದೆ ಮುಂದೆಯೂ.

ಆ ತೊಳೆಯುವುದು ಎಷ್ಟು ಮುಖ್ಯ ಅಂತ ಒಂದು ಬೆಳಗಿನ ಜಾವ ಗೊತ್ತಾಯಿತು. ರಾತ್ರಿ ಪಾಳಿಯಲ್ಲಿ ಯಾರೋ ಮಾತ್ರೆ ಕುಟ್ಟಿ ಟ್ಯೂಬಿನಲ್ಲಿ ಹಾಕಿದ್ದರು, ಅದು ಪೂರ್ತಿ ಕರಗಿರಲಿಲ್ಲ. ಫೀಡ್ ನಿಂತೇಹೋಯಿತು. ಅವ್ವನ ಮುಖ ನೋಡಿದೆ, ಮತ್ತೆ ಎಂಡೋಸ್ಕೋಪಿಗೆ ಕರೆದುಕೊಂಡು ಹೋಗಬೇಕಾ ಅಂತ ಹೊಟ್ಟೆಯಲ್ಲಿ ಸಂಕಟ. ಹಿರಿಯ ಸಿಸ್ಟರ್ ಬಂದರು. 50 ಎಂಎಲ್ ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಮೆಲ್ಲಗೆ ತಳ್ಳುವುದು, ಮೆಲ್ಲಗೆ ಎಳೆಯುವುದು, ಸ್ವಲ್ಪ ಹೊತ್ತು ಬಿಡುವುದು, ಮತ್ತೆ ತಳ್ಳುವುದು. ಸಣ್ಣ ಸಿರಿಂಜ್ ಕೊಡಲು ಹೋದೆ, ಬೇಡ ಅಂದರು. ಸಿರಿಂಜ್ ಸಣ್ಣದಾದಷ್ಟೂ ಒತ್ತಡ ಜಾಸ್ತಿ, ಟ್ಯೂಬೇ ಒಡೆಯಬಹುದಂತೆ. ತಂತಿ ತೂರಿಸುವುದಂತೂ ಯಾವತ್ತೂ ಕೂಡದು. ಬಹಳ ಹೊತ್ತಿನ ಮೇಲೆ ಸಿರಿಂಜ್ ಹಗುರಾಗಿ ಮುಂದಕ್ಕೆ ಹೋಯಿತು. ಸಿಸ್ಟರ್ ಹಣೆಯ ಬೆವರು ಒರೆಸಿಕೊಂಡು, 'ಹೋಯ್ತು ನೋಡಿ' ಅಂದರು. ನನಗೆ ಅಳು ಬಂತು.

ಅವತ್ತಿನಿಂದ ಆಗುವ ಔಷಧಿಗಳನ್ನೆಲ್ಲ ಸಿರಪ್ ರೂಪದಲ್ಲಿ ಬರೆಸಿಕೊಂಡೆವು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಕರುಳಿನಲ್ಲೇ ಕರಗಬೇಕಾದ ಹೊದಿಕೆಯ ಮಾತ್ರೆಗಳನ್ನು ಕುಟ್ಟಲೇಬಾರದು ಅಂತಲೂ ತಿಳಿಯಿತು. ಆದರೆ ಸಿರಪ್ ಶುರುವಾದ ಮೇಲೆ ಬೇಧಿ ಶುರುವಾಯಿತು. ಎಲ್ಲರೂ ಫೀಡನ್ನೇ ದೂರಿದರು. ಡಯಟೀಷಿಯನ್ ಸಿರಪ್ ಬಾಟಲಿಗಳನ್ನೆಲ್ಲ ಸಾಲಾಗಿ ಇಡಿಸಿ ಒಂದೊಂದೇ ತಿರುಗಿಸಿ ಓದಿದರು. ಎರಡರಲ್ಲಿ ಸಿಹಿಗೆ ಸಾರ್ಬಿಟಾಲ್ ಹಾಕಿದ್ದರು, ಅದು ಕರುಳಿಗೆ ನೀರೆಳೆಯುತ್ತದೆ. ಅವೆರಡನ್ನು ಬದಲಾಯಿಸಿದಾಗ ಅರ್ಧ ಕಮ್ಮಿಯಾಯಿತು. ಉಳಿದರ್ಧಕ್ಕೆ ಮಾಮೂಲಿ ಫಾರ್ಮುಲಾ ಬಿಟ್ಟು ಪೆಪ್ಟೈಡ್ ಫಾರ್ಮುಲಾ ಕೊಟ್ಟರು. ಅದರಲ್ಲಿ ಪ್ರೋಟೀನನ್ನು ಮೊದಲೇ ತುಂಡು ಮಾಡಿರುತ್ತಾರೆ, ಕೊಬ್ಬಿನಲ್ಲಿ ಒಂದು ಪಾಲು ಗ್ರಂಥಿಯ ರಸ ಇಲ್ಲದೆಯೂ ಮೈ ಹೀರಿಕೊಳ್ಳುವ ಎಂಸಿಟಿ ಅನ್ನುವ ಬಗೆಯದು. ಬೆಲೆ ಜಾಸ್ತಿ. ಹೊರಗಿನ ಮೆಡಿಕಲ್‌ನಲ್ಲಿ ನಾವೇ ಕೊಂಡು ತರಬೇಕಾಯಿತು. ಹಾಗಾಗಿ ಮೊದಲೇ ಅದನ್ನು ಕೇಳಬೇಡಿ. ಬಹಳ ಜನರಿಗೆ ಮಾಮೂಲಿ ಫಾರ್ಮುಲಾನೇ ಒಗ್ಗುತ್ತದೆ.

ಸಕ್ಕರೆಯೂ ಏರಿತು. ಗ್ರಂಥಿ ಪೆಟ್ಟು ತಿಂದಿರುವಾಗ ಅದು ಇರುವುದೇ. ಇನ್ಸುಲಿನ್ ಕೊಡಲು ಶುರು ಮಾಡಿದ ಮೇಲೆ ಸಿಸ್ಟರ್ ನನಗೆ ಒಂದು ಮಾತನ್ನು ಮತ್ತೆ ಮತ್ತೆ ಹೇಳಿದರು. ಇನ್ಸುಲಿನ್ ಹೋಗಿದ್ದು ಯಾವುದೋ ಕಾರಣಕ್ಕೆ ಫೀಡ್ ನಿಂತರೆ ತಕ್ಷಣ ಕೂಗಿ, ಸಕ್ಕರೆ ದಿಢೀರಂತ ಇಳಿದುಬಿಡುತ್ತೆ. ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಫೀಡ್ ನಿಲ್ಲಿಸುತ್ತಾರಲ್ಲ, ಆಗ ಇದನ್ನು ನೆನಪಿಸುವುದು ಜೊತೆಗಿರುವವರ ಕೆಲಸವೂ ಹೌದು.

ಇಷ್ಟೆಲ್ಲದರ ನಡುವೆ ಅವ್ವ ಏನನ್ನುತ್ತಿದ್ದಳು? ಗಂಟಲು ಉರಿಯುತ್ತೆ ಅನ್ನುತ್ತಿದ್ದಳು. ಹಸಿವು ಅಷ್ಟಿರಲಿಲ್ಲ. ಬಾಯಿಗೆ ಏನೂ ಇಲ್ಲ ಅನ್ನುವುದೇ ಅವಳ ದೊಡ್ಡ ಸಂಕಟ. 'ಹೊಟ್ಟೆ ತುಂಬೈತೆ ಅಂತೀರಿ, ನಾಲ್ಗೆಗೆ ಗೊತ್ತಾಗ್ಬೇಕಲ್ವವ್ವ' ಅಂದಳು ಒಂದು ಸಂಜೆ. ಪಕ್ಕದ ಮಂಚದವರು ಬಸ್ಸಾರು ಬಿಚ್ಚಿದ್ದರು, ಬೆಳ್ಳುಳ್ಳಿ ಒಗ್ಗರಣೆಯ ಘಮ ವಾರ್ಡೆಲ್ಲ ತುಂಬಿತ್ತು. ಅವ್ವ ಆ ಕಡೆಯೇ ಮುಖ ಮಾಡಿ ಮಲಗಿದ್ದಳು. ಬಾಯಿಂದ ಊಟ ಇಲ್ಲದಿದ್ದರೂ ಬಾಯಿ ಶುಚಿ ಬಿಡಬಾರದು. ಹಲ್ಲುಜ್ಜಿಸುವುದು, ಒದ್ದೆ ಹತ್ತಿಯಲ್ಲಿ ತುಟಿ, ನಾಲಿಗೆ ಒರೆಸುವುದು ದಿನಕ್ಕೆ ಹಲವು ಸಲ. ನಾಲಿಗೆ ಒರೆಸುವಾಗ ಅವ್ವ ಕಣ್ಣು ಮುಚ್ಚಿ ಆ ತೇವವನ್ನು ಚಪ್ಪರಿಸುತ್ತಿದ್ದಳು. ಮೂಗಿನ ಪ್ಲಾಸ್ಟರನ್ನು ದಿನಾ ಬದಲಾಯಿಸಿ, ಹೊಳ್ಳೆಯ ಒಂದೇ ಜಾಗಕ್ಕೆ ಟ್ಯೂಬ್ ಒತ್ತದ ಹಾಗೆ ನೋಡುತ್ತಿದ್ದೆವು. ಇಲ್ಲದಿದ್ದರೆ ಅಲ್ಲಿ ಹುಣ್ಣಾಗುತ್ತದೆ.

ಜ್ವರ ಇಳಿದು, ಎದ್ದು ಓಡಾಡುವಷ್ಟಾದ ಮೇಲೆ ಟ್ಯೂಬ್ ಇಟ್ಟುಕೊಂಡೇ ಕುವೆಂಪುನಗರದ ನನ್ನ ಮನೆಗೆ ಕಳಿಸಿದರು. ಟ್ಯೂಬಿನ ಜೊತೆ ಮನೆಗೆ ಹೋಗಬಹುದು ಅನ್ನುವುದೇ ನಮಗೆ ಹೊಸದು. ಕಿಟಕಿಯ ಸರಳಿಗೆ ಬ್ಯಾಗ್ ನೇತುಹಾಕಿದೆವು. ಸಂಜೆಯಿಂದ ಬೆಳಗಿನವರೆಗೆ ಫೀಡ್ ಓಡಿಸಿ, ಹಗಲು ಕೆಲವು ಗಂಟೆ ಬಿಚ್ಚಿ, ಟ್ಯೂಬ್ ತೊಳೆದು ಮುಚ್ಚಳ ಹಾಕಿದರೆ ಅವ್ವ ಸೆರಗು ಹೊದ್ದು ಅಂಗಳದಲ್ಲಿ ತಿರುಗಾಡುತ್ತಿದ್ದಳು. ಸೊಪ್ಪು ಮಾರುವ ಅಜ್ಜಿ ಮೊದಲ ದಿನ ಗಾಬರಿಯಾದರು. ಆಮೇಲೆ ಗೇಟಿನ ಹತ್ತಿರ ನಿಂತು ಅವ್ವನ ಜೊತೆ ದಂಟಿನ ಸೊಪ್ಪಿನ ರೇಟು ಚರ್ಚೆ ಮಾಡತೊಡಗಿದರು. ಡಿಸ್ಚಾರ್ಜ್ ಆಗುವಾಗ ಒಂದು ಹಾಳೆಯಲ್ಲಿ ಬರೆಸಿಕೊಂಡು ಬನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಟ್ಯೂಬಿನ ಸೆಂಟಿಮೀಟರ್ ಗುರುತು, ಫೀಡಿನ ಹೆಸರು ಮತ್ತು ವೇಗ, ಟ್ಯೂಬ್ ಜಾರಿದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನುವುದು. ಜಾರಿದ ಟ್ಯೂಬನ್ನು ಮನೆಯಲ್ಲಿ ಒಳಗೆ ತಳ್ಳಬಾರದು. ಕೆಮ್ಮು ಬಂದು ಉಸಿರು ಕಟ್ಟಿದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ, ಚಳಿಜ್ವರ ಬಂದರೆ ಫೀಡ್ ನಿಲ್ಲಿಸಿ ಸೀದಾ ಆಸ್ಪತ್ರೆಗೆ.

ಜಠರವನ್ನು ಒತ್ತುತ್ತಿದ್ದ ನೀರು ತಾನಾಗಿ ಇಳಿಯುತ್ತಾ ಬಂತು. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಎಂಡೋಸ್ಕೋಪಿಯಲ್ಲೋ ಹೊರಗಿನಿಂದ ಪೈಪ್ ಹಾಕಿಯೋ ತೆಗೆಯಬೇಕಾಗುತ್ತದೆ. ಸ್ಕ್ಯಾನ್ ನೋಡಿ ಬಾಯಿಂದ ಶುರು ಮಾಡಿ ಅಂದಾಗ ಮೊದಲು ಕೊಟ್ಟದ್ದು ಎರಡು ಚಮಚ ಮೆತ್ತಗಿನ ಅನ್ನ, ಕೆನೆ ತೆಗೆದ ತೆಳು ಮಜ್ಜಿಗೆ. ಅವ್ವ ತುತ್ತನ್ನು ನುಂಗದೆ ತುಂಬಾ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಟ್ಯೂಬನ್ನು ಅವತ್ತೇ ತೆಗೆಯಲಿಲ್ಲ. ಬೇಕಾದ್ದರ ಮುಕ್ಕಾಲು ಪಾಲು ಬಾಯಿಂದ ಹೋಗುವವರೆಗೆ ರಾತ್ರಿ ಫೀಡ್ ಮುಂದುವರಿಯಿತು. ಇಡ್ಲಿ, ಹೆಸರುಬೇಳೆ ಕಟ್ಟು, ಮೊಟ್ಟೆಯ ಬಿಳಿ, ಆಮೇಲೆ ಅರ್ಧ ಮುದ್ದೆ, ಒಗ್ಗರಣೆಯಿಲ್ಲದ ಉಪ್ಸಾರು. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ. ಟ್ಯೂಬ್ ತೆಗೆದದ್ದು ಒಂದೇ ನಿಮಿಷದ ಕೆಲಸ.

ಆಮೇಲೆ ತೂಕ ಏರಲಿಲ್ಲ. ತಿನ್ನುತ್ತಿದ್ದಳು, ಮೈಗೆ ಹತ್ತುತ್ತಿರಲಿಲ್ಲ. ಮಲ ಜಿಡ್ಡುಜಿಡ್ಡಾಗಿ ನೀರಿನ ಮೇಲೆ ತೇಲುತ್ತದೆ ಅಂತ ಅವ್ವ ಸಂಕೋಚದಿಂದ ನನಗೆ ಮಾತ್ರ ಹೇಳಿದಳು. ಅದನ್ನು ಡಾಕ್ಟರಿಗೆ ಹೇಳಿದ್ದೇ ಒಳ್ಳೆಯದಾಯಿತು. ಉಳಿದ ಗ್ರಂಥಿ ಸಾಕಷ್ಟು ರಸ ಮಾಡುತ್ತಿಲ್ಲ ಅನ್ನುವುದಕ್ಕೆ ಅದೇ ಗುರುತು. ಎಂಜೈಮ್ ಕ್ಯಾಪ್ಸೂಲ್ ಬರೆದರು. ಅದನ್ನು ಊಟದ ಮೊದಲ ತುತ್ತಿನ ಜೊತೆ ನುಂಗಬೇಕು, ಎರಡಿದ್ದರೆ ಒಂದನ್ನು ನಡುವೆ. ಊಟ ಮುಗಿದ ಮೇಲೆ ನುಂಗಿದರೆ ಅಷ್ಟು ಪ್ರಯೋಜನ ಇಲ್ಲ, ಅಗಿಯಲೂ ಬಾರದು. ಸಾಮಾನ್ಯವಾಗಿ ಅದನ್ನು ಹಂದಿಯ ಗ್ರಂಥಿಯಿಂದ ತಯಾರಿಸುತ್ತಾರೆ. ಬೇಡ ಅನ್ನುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಲಿ, ಸುಮ್ನೆ ನಿಲ್ಲಿಸಿಬಿಡಬೇಡಿ. ಅವ್ವ ನಾಲ್ಕು ವಾರದಲ್ಲೇ ಬಟ್ಟೆ ಬಿಗಿಯಾಯ್ತು ಅಂದಳು.

ಎಲ್ಲ ಒಣಗಿದೆ ಅಂತ ಖಾತ್ರಿಯಾದ ಮೇಲೆ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ಕಲ್ಲು ಅಲ್ಲೇ ಇದ್ದರೆ ಕಾಯಿಲೆ ಮತ್ತೆ ಬರಬಹುದು. ಸೌಮ್ಯವಾಗಿದ್ದವರಿಗೆ ಅದೇ ಅಡ್ಮಿಷನ್ನಿನಲ್ಲಿ ತೆಗೆಯುವುದು ಒಳ್ಳೆಯದು, ಅವ್ವನಂಥವರಿಗೆ ಕಾಯಬೇಕು. ಈಗ ಅವ್ವ ಊರಲ್ಲಿದ್ದಾಳೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಕ್ಯಾಪ್ಸೂಲಿನ ಸಣ್ಣ ಡಬ್ಬಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಾಳೆ. ಕರಿದದ್ದನ್ನು ಪಕ್ಕಕ್ಕೆ ಸರಿಸಿ, ಅನ್ನ ಸಾರು ಮೊದಲು ಹಾಕಿಸಿಕೊಳ್ಳುತ್ತಾಳೆ. ಸಕ್ಕರೆಯ ಮಾತ್ರೆ ನಡೆಯುತ್ತಿದೆ, ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ, ಮಾಡಿಸುತ್ತೇವೆ. ಕೊಬ್ಬಿನ ಜೊತೆ ಹೀರಿಕೆಯಾಗುವ ಎ, ಡಿ, ಇ, ಕೆ ವಿಟಮಿನ್‌ಗಳಲ್ಲಿ ಡಿ ಕಮ್ಮಿ ಬಂದಿದೆ, ಅದಕ್ಕೆ ವಾರಕ್ಕೊಂದು ಸ್ಯಾಷೆ ಕೊಟ್ಟಿದ್ದಾರೆ.